ನೋವಿನ ಮೈಗೆ ನಿಧಾನದ ನಡೆ

ಮೈಯೆಲ್ಲ ನೋವು. ರಾತ್ರಿ ಮಲಗೆದ್ದರೂ ನಿದ್ದೆಯನ್ನೇ ಮಾಡಿಲ್ಲವೇನೋ ಎನ್ನುವಂಥ ದಣಿವು. ರಕ್ತಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಿದೆ, ಎಕ್ಸ್‌-ರೇಯಲ್ಲೂ ಏನೂ ಕಾಣುವುದಿಲ್ಲ. ‘ರಿಪೋರ್ಟ್ ನಾರ್ಮಲ್ ಇದೆಯಲ್ಲ, ಮತ್ತೇನು?’ ಎಂದು ಮನೆಯವರೇ ಕೇಳಿದಾಗ ನೋವಿನ ಜೊತೆ ಅವಮಾನವೂ ಸೇರಿಕೊಳ್ಳುತ್ತದೆ. ಇದು ಫೈಬ್ರೊಮಯಾಲ್ಜಿಯ. ಹೆಂಗಸರನ್ನೇ ಹೆಚ್ಚು ಕಾಡುವ ಕಾಯಿಲೆ. ವೈದ್ಯರು ವ್ಯಾಯಾಮ ಮಾಡಿ ಎನ್ನುತ್ತಾರೆ. ಹುರುಪಿನಿಂದ ಮಾಡಿದರೆ ಮರುದಿನ ಹಾಸಿಗೆ ಬಿಟ್ಟು ಏಳಲಾಗದು, ಬಿಟ್ಟರೆ ಮೈ ಇನ್ನಷ್ಟು ಸೊರಗುತ್ತದೆ.

ಅಮೆರಿಕದ ಬಾಸ್ಟನ್‌ನಲ್ಲಿರುವ ಟಫ್ಟ್ಸ್ ವೈದ್ಯಕೀಯ ಕೇಂದ್ರದ ಡಾ. ಚೆನ್‌ಚೆನ್ ವಾಂಗ್ ಈ ಇಕ್ಕಟ್ಟಿಗೆ ಚೀನಾದ ತಾಯ್ ಚಿಯಲ್ಲಿ ದಾರಿ ಹುಡುಕಿದರು. ಮೂಲದಲ್ಲಿ ಅದು ಕಾದಾಟದ ಕಲೆ. ಆದರೆ ಅಭ್ಯಾಸ ಮಾಡುವವರನ್ನು ನೋಡಿದರೆ ನೀರೊಳಗೆ ನಡೆಯುತ್ತಿದ್ದಾರೇನೋ ಅನಿಸುತ್ತದೆ. ಮಂಡಿ ತುಸು ಬಾಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟಿಸುತ್ತ, ಉಸಿರಿನ ಲಯಕ್ಕೆ ಕೈ ತೇಲಿಸುತ್ತಾರೆ. ನೆಗೆತವಿಲ್ಲ, ಜಗ್ಗಾಟವಿಲ್ಲ.

ವಾಂಗ್ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 66 ಮಂದಿ ಇದ್ದರು. ಅರ್ಧದಷ್ಟು ಜನ 12 ವಾರ, ವಾರಕ್ಕೆರಡು ದಿನ, ಒಂದೊಂದು ಗಂಟೆ ತಾಯ್ ಚಿ ಕಲಿತರು. ಉಳಿದವರಿಗೆ ಆರೋಗ್ಯದ ಪಾಠ, ಜೊತೆಗೆ ಮೈ ಹಿಗ್ಗಿಸುವ ವ್ಯಾಯಾಮ. ಕಾಯಿಲೆಯ ಕಾಟವನ್ನು 100 ಅಂಕಗಳ ಅಳತೆಯಲ್ಲಿ ನೋಡಿದಾಗ ತಾಯ್ ಚಿ ಗುಂಪಿನಲ್ಲಿ ಸರಾಸರಿ 28ರಷ್ಟು, ಇನ್ನೊಂದರಲ್ಲಿ 9ರಷ್ಟು ಇಳಿದಿತ್ತು. ಕಲಿಸಿದ್ದು ಒಬ್ಬರೇ ಗುರು. ಅದು ಅವರ ಕೈಗುಣವೇ ಆಗಿರಬಾರದೇಕೆ? ನ್ಯಾಯವಾದ ಅನುಮಾನ. 226 ಮಂದಿ ಮತ್ತು ಮೂವರು ಗುರುಗಳೊಂದಿಗೆ, ಏರೋಬಿಕ್ ವ್ಯಾಯಾಮದ ಎದುರು ಮತ್ತೆ ಪರೀಕ್ಷೆ ನಡೆಯಿತು, ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಗುರು ಯಾರೇ ಆಗಿರಲಿ, ತಾಯ್ ಚಿಯ ಫಲ ಏರೋಬಿಕ್‌ಗೆ ಕಡಿಮೆಯಿರಲಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ, ತಾಯ್ ಚಿ ತರಗತಿಗೆ ಜನ ಹೆಚ್ಚು ತಪ್ಪದೆ ಬಂದರು. ನೋವಿರುವವರು ಬಿಡದೆ ಮಾಡಬಲ್ಲ ವ್ಯಾಯಾಮವೇ ಅವರಿಗೆ ಒಗ್ಗುವ ವ್ಯಾಯಾಮ.

ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಂಥ ಎಷ್ಟೋ ನೋವುಗಳಲ್ಲಿ ನರಮಂಡಲವೇ ಅತಿಸೂಕ್ಷ್ಮವಾಗಿರುತ್ತದೆ. ಹಾವಿನಿಂದ ಕಚ್ಚಿಸಿಕೊಂಡವನಿಗೆ ಹಗ್ಗವೂ ಹಾವಾಗಿ ಕಾಣುವಂತೆ, ಸಣ್ಣ ಚಲನೆಯೂ ಅಪಾಯವೆನಿಸುತ್ತದೆ. ಹಾಗೆಂದು ನೋವು ಸುಳ್ಳಲ್ಲ, ಪೂರಾ ನಿಜ. ಆದರೆ ನಿಧಾನದ ಚಲನೆ, ದೀರ್ಘ ಉಸಿರು, ಅದರ ಮೇಲಿಟ್ಟ ಗಮನ ಸೇರಿದಾಗ ಬಿಗಿದ ಮೈ ಸಡಿಲಾಗುತ್ತದೆ, ಅಲುಗಾಡುವ ಭಯ ಇಳಿಯುತ್ತದೆ.

ಬೆಂಗಳೂರಿನ ಹೊರಗೆ, ಜಿಗಣಿ ಬಳಿಯ ಪ್ರಶಾಂತಿ ಕುಟೀರ ಎಂಬ ಯೋಗಕೇಂದ್ರದಲ್ಲೂ ಇದಕ್ಕೆ ಹತ್ತಿರದ ಪ್ರಯೋಗ ನಡೆದಿದೆ. ಬಹುದಿನದ ಸೊಂಟನೋವಿನ 80 ಮಂದಿ ಅಲ್ಲೇ ಒಂದು ವಾರ ಉಳಿದರು. ಕೆಲವರಿಗೆ ಆಸನ, ಪ್ರಾಣಾಯಾಮ, ಧ್ಯಾನ. ಉಳಿದವರಿಗೆ ದೈಹಿಕ ವ್ಯಾಯಾಮ. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯೋಗದ ಗುಂಪು ಮುಂದಿತ್ತು. ಒಂದು ವಾರ ಬಹಳ ಸಣ್ಣ ಅವಧಿ, ಮನೆಗೆ ಮರಳಿದ ಮೇಲಿನದೇ ದೊಡ್ಡ ಪರೀಕ್ಷೆ.

ಶುರುಮಾಡುವವರು ಅಡುಗೆಮನೆ ಕಟ್ಟೆಯನ್ನು ಹಿಡಿದು, ಐದು ನಿಮಿಷ ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ದಾಟಿಸಿದರೂ ಆದೀತು. ನಿಲ್ಲಲಾಗದವರು ಕುರ್ಚಿಯಲ್ಲೇ ಕೂತು ಉಸಿರಿನೊಂದಿಗೆ ಕೈ ಎತ್ತಿ ಇಳಿಸಬಹುದು. ನೋವಿಲ್ಲದ ದಿನ ದುಪ್ಪಟ್ಟು ಮಾಡುವ ಆಸೆ ಬೇಡ. ಆದರೆ ಕಾಲು ಹೊಸದಾಗಿ ಜೋಮು ಹಿಡಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅಭ್ಯಾಸ ನಿಲ್ಲಿಸಿ ಅಂದೇ ವೈದ್ಯರ ಬಳಿ ಹೋಗಬೇಕು.