ಬೇಸಿಗೆಯಲ್ಲಿ ಲಾರಿ ಎಂಜಿನ್‌ನ ತಂಪು: ಸಣ್ಣ ವೆಚ್ಚ, ದೊಡ್ಡ ಉಳಿತಾಯ

ಸರಕು ಸಾಗಣೆಯನ್ನು ನೆಚ್ಚಿಕೊಂಡ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಅವಧಿ ಪರೀಕ್ಷೆಯ ಕಾಲ. ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಈ ದಿನಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಅಂತಹ ಬಿಸಿಲಿನಲ್ಲಿ ಸರಕು ತುಂಬಿದ ಲಾರಿಯ ಎಂಜಿನ್ ಕುದಿದು ದಾರಿಯಲ್ಲಿ ನಿಂತರೆ ನಷ್ಟವು ದುರಸ್ತಿಯ ಬಿಲ್ಲಿಗೆ ಸೀಮಿತವಾಗುವುದಿಲ್ಲ. ಬಾಡಿಗೆ ತಪ್ಪುತ್ತದೆ, ಸರಕು ತಡವಾಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಇಂತಹ ಅವಘಡಗಳಲ್ಲಿ ಹೆಚ್ಚಿನವು ಮುನ್ಸೂಚನೆ ಕೊಟ್ಟೇ ಬರುತ್ತವೆ. ಅದನ್ನು ಓದುವ ಅಭ್ಯಾಸ ಮಾಲೀಕನಿಗೆ ಇರಬೇಕಷ್ಟೆ.

ಶಾಖ ಎಲ್ಲಿಂದ ಬರುತ್ತದೆ?

ಡೀಸೆಲ್ ಉರಿದಾಗ ದೊರೆಯುವ ಶಕ್ತಿಯಲ್ಲಿ ಸುಮಾರು ಶೇ. 40ರಷ್ಟು ಮಾತ್ರ ಎಂಜಿನ್‌ನ ದುಡಿಮೆಯಾಗಿ ಪರಿಣಮಿಸುತ್ತದೆ. ಉಳಿದುದು ಶಾಖ. ಅದರ ಒಂದು ಪಾಲು ಹೊಗೆಯೊಡನೆ ಹೊರಹೋದರೆ, ಮತ್ತೊಂದು ದೊಡ್ಡ ಪಾಲನ್ನು ಕೂಲಂಟ್ ದ್ರವವು ರೇಡಿಯೇಟರ್‌ಗೆ ಒಯ್ದು ಗಾಳಿಗೆ ಬಿಡಬೇಕು. ಅಧಿಕ ಸಾಮರ್ಥ್ಯದ ಎಂಜಿನ್‌ಗಳಲ್ಲಿ ಟರ್ಬೋಚಾರ್ಜರ್ ಗಾಳಿಯನ್ನು ಒತ್ತಿ ಒಳಗೆ ಕಳುಹಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಲು ಇಂಟರ್‌ಕೂಲರ್ ಬೇಕಾಗುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಅನೇಕ ಎಂಜಿನ್‌ಗಳಲ್ಲಿ ಹೊಗೆಯ ಒಂದು ಭಾಗವನ್ನು ತಣಿಸಿ ಮತ್ತೆ ಒಳಕ್ಕೆ ಬಿಡಲಾಗುತ್ತದೆ. ಆ ಶಾಖದ ಹೊರೆಯೂ ಕೂಲಂಟ್‌ನ ಮೇಲೆಯೇ ಬೀಳುತ್ತದೆ. ಹಳೆಯ ಲಾರಿ ಸಹಿಸಿಕೊಂಡಿದ್ದ ಅಲಕ್ಷ್ಯವನ್ನು ಹೊಸ ಲಾರಿ ಸಹಿಸಲಾರದು.

ಕೊಳವೆ ಬಾವಿ ನೀರಿನ ನಿಜವಾದ ಬೆಲೆ

ಕೂಲಂಟ್ ಕಡಿಮೆಯಾದಾಗ ಸಿಕ್ಕಿದ ಕಡೆ ಕೊಳವೆ ಬಾವಿಯ ನೀರನ್ನು ತುಂಬುವ ರೂಢಿ ಇಂದಿಗೂ ಇದೆ. ಗಡಸು ನೀರಿನಲ್ಲಿರುವ ಲವಣಗಳು ಬಿಸಿಯಾದ ಲೋಹದ ಮೇಲೆ ಪದರವಾಗಿ ಕೂರುತ್ತವೆ. ಈ ಪದರ ಎಷ್ಟೇ ತೆಳುವಾಗಿದ್ದರೂ ಶಾಖವನ್ನು ತಡೆಯುತ್ತದೆ. ತಯಾರಕರು ಸೂಚಿಸಿದ ಕೂಲಂಟನ್ನು ಸಾಮಾನ್ಯವಾಗಿ ಸಮಪ್ರಮಾಣದ ಶುದ್ಧೀಕರಿಸಿದ ನೀರಿನೊಡನೆ ಬೆರೆಸಿ ಬಳಸಬೇಕು. ಹೀಗೆ ಬೆರೆಸಿದ ದ್ರವ ಬೇಗ ಕುದಿಯುವುದಿಲ್ಲ. ಅದರಲ್ಲಿನ ರಾಸಾಯನಿಕಗಳು ಸಿಲಿಂಡರ್ ಲೈನರ್‌ಗಳನ್ನು ಸವೆತ ಹಾಗೂ ತುಕ್ಕಿನಿಂದ ರಕ್ಷಿಸುತ್ತವೆ. ಹೆಚ್ಚು ಕೂಲಂಟ್ ಸುರಿದರೆ ಹೆಚ್ಚು ತಂಪು ಎಂಬ ನಂಬಿಕೆಯೂ ತಪ್ಪು. ಗ್ಲೈಕಾಲ್‌ಗಿಂತ ನೀರಿಗೇ ಶಾಖ ಹೊರುವ ಶಕ್ತಿ ಹೆಚ್ಚು.

ರೇಡಿಯೇಟರ್ ಮುಚ್ಚಳವನ್ನು ಯಾರೂ ಗಮನಿಸುವುದಿಲ್ಲ. ಅದು ಒಳಗಿನ ಒತ್ತಡವನ್ನು ಕಾಯುವ ಕಾವಲುಗಾರ. 1 ಬಾರ್‌ನಷ್ಟು ಹೆಚ್ಚುವರಿ ಒತ್ತಡವಿದ್ದರೆ ನೀರು 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳದ ರಬ್ಬರ್ ಸವೆದರೆ ಈ ರಕ್ಷಣೆ ಇಲ್ಲವಾಗುತ್ತದೆ. ಬೇಸಿಗೆಯಲ್ಲಿ ಥರ್ಮೋಸ್ಟಾಟ್ ತೆಗೆದುಹಾಕುವ ಸಲಹೆಯನ್ನೂ ಒಪ್ಪಬಾರದು. ಅನೇಕ ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ಕೂಲಂಟ್‌ನ ಒಂದು ಭಾಗ ರೇಡಿಯೇಟರನ್ನು ಮುಟ್ಟದೆಯೇ ಹಿಂದಿರುಗುತ್ತದೆ. ತಂಪಿನ ಬದಲು ತಾಪವೇ ಹೆಚ್ಚುತ್ತದೆ. ಹತ್ತಿಯ ನಾರು, ಹೊಟ್ಟು, ಅದಿರಿನ ಧೂಳು ಇಂಟರ್‌ಕೂಲರ್ ಹಾಗೂ ರೇಡಿಯೇಟರ್‌ಗಳ ನಡುವೆ ಸೇರಿಕೊಳ್ಳುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಗಾಳಿ ಹರಿಯುವ ದಿಕ್ಕಿಗೆ ಎದುರಾಗಿ, ಕಡಿಮೆ ಒತ್ತಡದಲ್ಲಿ ಅದನ್ನು ತೊಳೆಯಬೇಕು.

ದಾರಿಯಲ್ಲಿ ಚಾಲಕನ ಹೊಣೆ

ಮಂಗಳೂರಿನಿಂದ ಶಿರಾಡಿ ಘಾಟಿ ಏರುವ ಲಾರಿಗೆ ವೇಗ ಕಡಿಮೆ, ಶ್ರಮ ಹೆಚ್ಚು. ಎದುರುಗಾಳಿಯ ನೆರವು ಅತ್ಯಲ್ಪ. ಇಂತಹ ಏರಿನಲ್ಲಿ ಮೇಲಿನ ಗೇರಿನಲ್ಲಿ ಎಂಜಿನ್ ತಿಣುಕಾಡುವುದಕ್ಕಿಂತ ಕೆಳಗಿನ ಗೇರು ಹಿತಕರ. ಎಂಜಿನ್ ತಿರುಗಿದಷ್ಟೂ ನೀರಿನ ಪಂಪು ಮತ್ತು ಫ್ಯಾನು ಚುರುಕಾಗುತ್ತವೆ. ಅಧಿಕ ಭಾರ ಹೇರುವುದಂತೂ ಎರಡು ಬಗೆಯ ನಷ್ಟ. 2019ರ ಸೆಪ್ಟೆಂಬರ್‌ನಿಂದ ಅದಕ್ಕೆ 20,000 ರೂಪಾಯಿ ದಂಡವಲ್ಲದೆ, ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಪ್ರತ್ಯೇಕವಾಗಿ ತೆರಬೇಕು.

ಉಷ್ಣಾಂಶದ ಮುಳ್ಳು ಕೆಂಪಿಗೆ ಏರಿದರೆ ಲಾರಿಯನ್ನು ಕೂಡಲೇ ಬದಿಗೆ ನಿಲ್ಲಿಸಬೇಕು. ಬಿಸಿ ಇರುವಾಗ ಮುಚ್ಚಳ ತೆರೆಯಬಾರದು. ತಣ್ಣೀರನ್ನು ಸುರಿದರೆ ಸಿಲಿಂಡರ್ ಹೆಡ್ ಬಿರುಕು ಬಿಡಬಹುದು. ಕೂಲಂಟ್ ಪೂರ್ತಿ ಸೋರಿಹೋಗಿದ್ದರೆ ಸಂವೇದಕಕ್ಕೆ ದ್ರವ ತಾಗದೆ ಮುಳ್ಳು ತಪ್ಪಾಗಿ ಕೆಳಗೇ ನಿಲ್ಲುವ ಸಂಭವವಿರುವುದನ್ನೂ ಚಾಲಕನು ಅರಿತಿರಬೇಕು. ಸಮಯಕ್ಕೆ ತಲುಪಲೇಬೇಕೆಂದು ಒತ್ತಾಯಿಸುವ ಮಾಲೀಕ, ಲಾರಿ ನಿಲ್ಲಿಸಿದ ಚಾಲಕನನ್ನು ದಂಡಿಸಿದರೆ ಮುಂದಿನ ಬಾರಿ ಆತ ನಿಲ್ಲಿಸುವುದಿಲ್ಲ.

ವಿಮೆ ಮತ್ತು ತೆರಿಗೆಯ ವಾಸ್ತವ

ಎಂಜಿನ್ ಕೆಟ್ಟರೆ ವಿಮೆ ಇದೆಯೆಂಬ ಧೈರ್ಯ ಹುಸಿ. ಸಾಮಾನ್ಯ ಮೋಟಾರು ಪಾಲಿಸಿಯು ಸವೆತ ಹಾಗೂ ಯಾಂತ್ರಿಕ ವೈಫಲ್ಯವನ್ನು ಒಳಗೊಳ್ಳುವುದಿಲ್ಲ. ಅಪಘಾತದಲ್ಲಿ ರೇಡಿಯೇಟರ್ ಒಡೆದರೂ, ದುರಸ್ತಿ ಮಾಡಿಸದೆ ಲಾರಿ ಓಡಿಸಿ ಉಂಟಾದ ಹೆಚ್ಚಿನ ಹಾನಿ ಮಾಲೀಕನದೇ ಜವಾಬ್ದಾರಿ.

ದುರಸ್ತಿ ವೆಚ್ಚಕ್ಕೆ ಆದಾಯ ತೆರಿಗೆಯಲ್ಲಿ ಕಡಿತವಿದೆ ಎಂಬ ಸಮಾಧಾನವೂ ಅರೆಬರೆ. ಶೇ. 30ರ ದರದಲ್ಲಿ ತೆರಿಗೆ ಕಟ್ಟುವವರಿಗೂ 100 ರೂಪಾಯಿ ಖರ್ಚಿನಲ್ಲಿ ಸುಮಾರು 70 ರೂಪಾಯಿ ಸ್ವಂತ ಜೇಬಿನಿಂದಲೇ ಹೋಗುತ್ತದೆ. 10ಕ್ಕಿಂತ ಹೆಚ್ಚು ಲಾರಿಗಳಿಲ್ಲದ ಸಾಗಣೆದಾರರು ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡಿದ್ದರೆ ಈ ಕಡಿತವೂ ಪ್ರತ್ಯೇಕವಾಗಿ ದೊರೆಯದು. ಲಾರಿ ಗ್ಯಾರೇಜಿನಲ್ಲಿ ನಿಂತ ತಿಂಗಳಿಗೂ ಆದಾಯ ಬಂದಿದೆಯೆಂದೇ ಲೆಕ್ಕ.

ಒಂದು ಪುಟದ ಲೆಕ್ಕ

ಇದಕ್ಕೆ ಪರಿಹಾರ ಸರಳ. ಪ್ರತಿ ಲಾರಿಗೂ ಒಂದು ಪುಟ ತೆರೆದು, ಕೂಲಂಟ್ ಸೇರಿಸಿದ ದಿನಾಂಕ, ಪ್ರಮಾಣ, ಓಡಿದ ಕಿಲೋಮೀಟರ್ ಬರೆಯಬೇಕು. ಸುಸ್ಥಿತಿಯಲ್ಲಿರುವ ವ್ಯವಸ್ಥೆಯಲ್ಲಿ ಕೂಲಂಟ್ ಪದೇ ಪದೇ ಕಡಿಮೆಯಾಗಬಾರದು. ನಗದು ಪುಸ್ತಕದಲ್ಲಿ ವಾರಕ್ಕೊಮ್ಮೆ ಹಣ ಕಡಿಮೆ ಬಂದರೆ ಯಾವ ವರ್ತಕನೂ ಸುಮ್ಮನಿರಲಾರ. ಕೂಲಂಟ್ ಸೋರಿಕೆಯನ್ನೂ ಹಾಗೆಯೇ ಕಾಣಬೇಕು. ಸಾಮಾನ್ಯವಾಗಿ ಈ ಖರ್ಚು 'ಇತರೆ ವೆಚ್ಚ' ಎಂಬ ತಲೆಬರಹದಡಿ ಮರೆಯಾಗಿಬಿಡುತ್ತದೆ. ಅದನ್ನು ಬೇರ್ಪಡಿಸಿ ಬರೆದರೆ ಹೋಸ್ ಪೈಪಿನ ಬಿರುಕು, ಪಂಪಿನ ಸೋರಿಕೆ, ಗ್ಯಾಸ್ಕೆಟ್‌ನ ದೋಷ ಇವು ಎಂಜಿನನ್ನು ಬಲಿ ತೆಗೆದುಕೊಳ್ಳುವ ಮೊದಲೇ ಲೆಕ್ಕದ ಪುಸ್ತಕದಲ್ಲಿ ಗೋಚರಿಸುತ್ತವೆ. ಬೇಸಿಗೆ ಆರಂಭವಾಗುವ ಮುನ್ನವೇ ಈ ಪುಟ ತೆರೆಯುವುದು ಶ್ರೇಯಸ್ಕರ.