ಜೆರಾಕ್ಸ್‌ನಲ್ಲಿ ಉಳಿಯದ್ದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಕಾಲೇಜಿನಲ್ಲಿ ದಾಖಲಾತಿ ಶುರುವಾಗುತ್ತದೆ. ಆ ದಿನಗಳಲ್ಲಿ ಅರ್ಜಿ ಪರಿಶೀಲಿಸುವ ಮೇಜಿನ ಹಿಂದೆ ಕೂರುವವರಲ್ಲಿ ನಾನೂ ಒಬ್ಬ. ಆಧಾರ್, ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ತಂದೆಯ ಪಡಿತರ ಚೀಟಿ, ಹೀಗೆ ಒಂದೊಂದು ಕಡತದಲ್ಲೂ ಏಳೆಂಟು ಹಾಳೆ. ಬಹುಪಾಲು ಜೆರಾಕ್ಸ್. ಮಳೆಗಾಲದ ಕಿಗ್ಗದಲ್ಲಿ ಅವು ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಒದ್ದೆಯಾಗಿರುತ್ತವೆ. ಪಾಠ ಮಾಡುವುದು ಕಂಪ್ಯೂಟರ್ ಸೈನ್ಸ್ ಆದ್ದರಿಂದಲೋ ಏನೋ, ಆ ರಾಶಿ ನೋಡುವಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಇವು ಅಸಲಿ ಎಂದು ನಾವು ಯಾವ ಆಧಾರದ ಮೇಲೆ ಒಪ್ಪಿಕೊಳ್ಳುತ್ತಿದ್ದೇವೆ?

ಒಂದು ನೂರು ರೂಪಾಯಿ ನೋಟನ್ನು ಕೈಗೆತ್ತಿಕೊಳ್ಳಿ. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿಯ ಮುಖ ಕಾಣುತ್ತದೆ. ಇದೇ ವಾಟರ್‌ಮಾರ್ಕ್. ಅದನ್ನು ಯಾರೂ ಮುದ್ರಿಸಿಲ್ಲ. ಹತ್ತಿಯ ನಾರಿನ ತಿರುಳು ಇನ್ನೂ ಒದ್ದೆ ಇರುವಾಗಲೇ ಅಚ್ಚಿನ ಮೇಲೆ ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು ನಿಲ್ಲುವಂತೆ ಮಾಡಿ, ಕಾಗದದ ಮೈಯಲ್ಲೇ ಆ ಚಿತ್ರವನ್ನು ಮೂಡಿಸಿರುತ್ತಾರೆ. ಹೊಳೆಯುವ ದಾರವೂ ಅಷ್ಟೇ, ಕಾಗದ ತಯಾರಾಗುವಾಗಲೇ ಒಳಗೆ ಸೇರುತ್ತದೆ. ಈ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ಮೈಸೂರಿನಲ್ಲಿ ನೋಟಿನ ಕಾಗದ ಮಾಡುವ ಕಾರ್ಖಾನೆಯೂ ಇದೆ, ನೋಟು ಮುದ್ರಿಸುವ ಮುದ್ರಣಾಲಯವೂ ಇದೆ. ಇನ್ನು ಗಾಂಧೀಜಿಯ ಚಿತ್ರದ ಮೇಲೆ ಬೆರಳಾಡಿಸಿದರೆ ಸ್ವಲ್ಪ ಉಬ್ಬು ತಾಗುತ್ತದೆ. ಕೆತ್ತಿದ ತಗಡಿನಿಂದ ಭಾರೀ ಒತ್ತಡದಲ್ಲಿ ಮುದ್ರಿಸಿದಾಗ ಶಾಯಿ ಹಾಗೆ ಎದ್ದು ನಿಲ್ಲುತ್ತದೆ.

ಗುರುತಿನ ಚೀಟಿಗಳಲ್ಲೂ ಇದೇ ಜಾತಿಯ ಉಪಾಯಗಳಿವೆ. 2020ರ ಅಕ್ಟೋಬರ್‌ನಲ್ಲಿ ಬಂದ ಪಿವಿಸಿ ಆಧಾರ್ ಕಾರ್ಡನ್ನೇ ನೋಡಿ. ಆಗ ಅದರ ಬೆಲೆ 50 ರೂಪಾಯಿ. ಅದರಲ್ಲಿ ಓರೆ ಮಾಡಿದರೆ ಹೊಳೆಯುವ ಹೊಲೋಗ್ರಾಂ ಇದೆ. ಬರಿಗಣ್ಣಿಗೆ ಗೆರೆಯಂತೆ ಕಂಡು, ಭೂತಗನ್ನಡಿಯಲ್ಲಿ ಅಕ್ಷರವಾಗುವ ಸೂಕ್ಷ್ಮ ಬರಹ ಇದೆ. ಮುಖದ ಮಸುಕು ಪ್ರತಿ ಇನ್ನೊಂದು ಕಡೆ ಇದೆ. ಹಿನ್ನೆಲೆಯಲ್ಲಿ ರಂಗೋಲಿಯಂತೆ ಹೆಣೆದುಕೊಂಡ ಗೆರೆಗಳಿವೆ. ಆ ಗೆರೆಗಳು ಅಂದಕ್ಕಲ್ಲ, ಫೋಟೊ ಅಥವಾ ಹೆಸರನ್ನು ಕೆರೆದು ತಿದ್ದಿದರೆ ಮತ್ತೆ ಸರಿಯಾಗಿ ಕೂಡದಿರಲಿ ಎಂದು.

ಈಗ ಅದೇ ಕಾರ್ಡನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಕವುಚಿ ಇಡಿ. ಹೊಲೋಗ್ರಾಂ ಬೂದು ಕಲೆಯಾಗುತ್ತದೆ, ಸೂಕ್ಷ್ಮ ಬರಹ ಬರೀ ಗೆರೆಯಾಗುತ್ತದೆ, ಉಬ್ಬು ಮಾಯ, ಬಣ್ಣ ಮಾಯ. ಲಕ್ಷಾಂತರ ರೂಪಾಯಿಯ ಯಂತ್ರಗಳಿಂದ ಮಾಡಿದ ರಕ್ಷಣೆಯೆಲ್ಲ ಎರಡು ರೂಪಾಯಿಗೆ ಕಳಚಿ ಬಿತ್ತು. ಉಳಿಯುವುದು ಹೆಸರು, ಸಂಖ್ಯೆ ಮತ್ತು ಒಂದು ಕಪ್ಪು ಮುಖ. ಅದನ್ನು ಕಂಪ್ಯೂಟರಿನಲ್ಲಿ ತಿದ್ದಲು ನಿಮ್ಮಲ್ಲಿ ಅರ್ಧ ಜನರಿಗೆ ಹತ್ತು ನಿಮಿಷ ಸಾಕು. (ತಿದ್ದಬೇಡಿ. ಅದು ಜೈಲಿಗೆ ಹೋಗುವ ಅಪರಾಧ.) ಹಿಂದೆ ಜೆರಾಕ್ಸಿನ ಮೇಲೆ ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಸಹಿ ಬೇಕಿತ್ತು. ಅದಕ್ಕಾಗಿ ಅಲೆಯುವುದು ದೊಡ್ಡ ಕಾಟವಾಗಿತ್ತು, ನಿಜ. ಆದರೆ ಆ ಸಹಿಗೊಂದು ಅರ್ಥವಿತ್ತು: ಒಬ್ಬ ಮನುಷ್ಯ ಅಸಲನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾನೆ ಎಂದು.

ಕಾಗದ ಎಷ್ಟೇ ಗಟ್ಟಿಯಿದ್ದರೂ ನೋಡುವವರಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದದ ಹಗರಣ. 1990ರ ದಶಕದಲ್ಲಿ ಆತ ಮಾರಿದ ಖೋಟಾ ಛಾಪಾ ಕಾಗದ ಬ್ಯಾಂಕು, ವಿಮಾ ಕಂಪನಿಗಳವರೆಗೂ ಹೋಯಿತು. ನಾಸಿಕದ ಸರ್ಕಾರಿ ಭದ್ರತಾ ಮುದ್ರಣಾಲಯದಲ್ಲಿ ಬಳಕೆ ಮುಗಿದ ಯಂತ್ರಗಳು ಒಳಗಿನವರ ಸಹಾಯದಿಂದ ಅವನ ಕೈ ಸೇರಿದ್ದವು. 2001ರ ನವೆಂಬರ್‌ನಲ್ಲಿ ಅಜ್ಮೀರದಲ್ಲಿ ಬಂಧನವಾಯಿತು, ಆಮೇಲೆ 30 ವರ್ಷದ ಶಿಕ್ಷೆಯಾಯಿತು, 2017ರಲ್ಲಿ ಬೆಂಗಳೂರಿನಲ್ಲಿ ಕೈದಿಯಾಗಿರುವಾಗಲೇ ಸತ್ತ. ಇಲ್ಲಿ ಗಮನಿಸಬೇಕಾದ್ದು ಆ ಮನುಷ್ಯನನ್ನಲ್ಲ. ಛಾಪಾ ಕಾಗದ ಕೊಂಡವರು ಅದನ್ನು ನೋಡಿ, ಮುಟ್ಟಿ, ಸರಿಯಿದೆ ಎಂದುಕೊಂಡರು. ‘ಈ ಸಂಖ್ಯೆಯ ಹಾಳೆಯನ್ನು ಖಜಾನೆ ನಿಜವಾಗಿ ಕೊಟ್ಟಿದೆಯೇ’ ಎಂದು ಕೂತಲ್ಲೇ ಕೇಳಿ ತಿಳಿಯುವ ದಾರಿ ಅವರಿಗಿರಲಿಲ್ಲ. ಈಗಿನ ಇ-ಸ್ಟ್ಯಾಂಪ್ ಸಾದಾ ಕಾಗದದಲ್ಲಿ ಬಂದರೂ ಅದರ ಸಂಖ್ಯೆಯನ್ನು ಯಾರು ಬೇಕಾದರೂ ತಾಳೆ ನೋಡಬಹುದು. ನನ್ನ ಮಟ್ಟಿಗೆ ಆ ಸಾದಾ ಕಾಗದವೇ ಹಳೆಯ ಬಣ್ಣದ ಹಾಳೆಗಿಂತ ಗಟ್ಟಿ.

ಸಂಖ್ಯೆಯ ಮಾತು ಬಂತು. ಗುರುತಿನ ಚೀಟಿಯ ಸಂಖ್ಯೆಗಳು ಸುಮ್ಮನೆ ಬಂದ ಸಂಖ್ಯೆಗಳಲ್ಲ. ಮನೆಯಲ್ಲಿ ಗಲ್ಫ್‌ಗೆ ಹೋದವರದೋ ಹಜ್‌ಗೆ ಹೋಗಿಬಂದ ಅಜ್ಜ ಅಜ್ಜಿಯದೋ ಪಾಸ್‌ಪೋರ್ಟ್ ಇದ್ದರೆ ಫೋಟೊ ಇರುವ ಪುಟದ ತಳದಲ್ಲಿ ಎರಡು ಸಾಲು ನೋಡಿ. ಅಕ್ಷರ, ಅಂಕಿ, ನಡುನಡುವೆ ಬಾಣದ ತುದಿಯಂಥ ಗುರುತು. ಅದು ಯಂತ್ರ ಓದುವ ಭಾಗ. ಜಗತ್ತಿನ ಎಲ್ಲ ಪಾಸ್‌ಪೋರ್ಟುಗಳಲ್ಲೂ ಅದಕ್ಕೆ ಒಂದೇ ನಿಯಮ. ಈ ಸಾಲುಗಳಿಲ್ಲದ ಕೈಬರಹದ ಪಾಸ್‌ಪೋರ್ಟುಗಳಿಗೆ 2015ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಗಡುವು ಮುಗಿಯಿತು.

ಎರಡನೆಯ ಸಾಲಿನಲ್ಲಿ ಹುಟ್ಟಿದ ದಿನಾಂಕ ಆರು ಅಂಕಿಗಳಲ್ಲಿ ಇರುತ್ತದೆ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಅದರ ಬೆನ್ನಿಗೇ ಏಳನೆಯ ಅಂಕಿಯೊಂದು. ಅದು ಕಾವಲಿನ ಅಂಕಿ. ಲೆಕ್ಕ ಹೀಗೆ. 2008ರ ಆಗಸ್ಟ್ 7 ಎಂದರೆ 080807. ಈ ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ. 0, 24, 0, 56, 0, 7. ಕೂಡಿದರೆ 87. ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷ 7. ಅದೇ ಕಾವಲಿನ ಅಂಕಿ. ಯಾರಾದರೂ 2008ನ್ನು 2006 ಎಂದು ತಿದ್ದಿ ಹುಡುಗನನ್ನು ಎರಡು ವರ್ಷ ದೊಡ್ಡವನನ್ನಾಗಿ ಮಾಡಿದರೆ ಮೊತ್ತ 81, ಶೇಷ 1. ಪಕ್ಕದಲ್ಲಿ 7 ಹಾಗೇ ಕೂತಿದ್ದರೆ ವಿಮಾನ ನಿಲ್ದಾಣದ ಯಂತ್ರ ತಕ್ಷಣ ಹಿಡಿಯುತ್ತದೆ. ಪಾಸ್‌ಪೋರ್ಟ್ ಸಂಖ್ಯೆಗೂ ಅವಧಿ ಮುಗಿಯುವ ದಿನಾಂಕಕ್ಕೂ ಇಂಥದೇ ಕಾವಲು ಇದೆ, ಸಾಲಿನ ಕೊನೆಯಲ್ಲಿ ಇವನ್ನೆಲ್ಲ ಒಟ್ಟಿಗೆ ಕಾಯುವ ಇನ್ನೊಂದಿದೆ. ಮನೆಯಲ್ಲಿ ಕೂತು ಲೆಕ್ಕ ಹಾಕಿ ನೋಡಿ, ಮಜಾ ಇದೆ.

ಆಧಾರ್‌ನ ಹನ್ನೆರಡನೆಯ ಅಂಕಿಯೂ ಕಾವಲಿನದೇ. ಅಲ್ಲಿ ಬಳಸುವುದು ಡಚ್ ಗಣಿತಜ್ಞ ವೆರ್‌ಹೋಫ್ 1969ರಲ್ಲಿ ಪ್ರಕಟಿಸಿದ ವಿಧಾನ. ಯಾವುದೇ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಗುರುತಿಸುತ್ತದೆ. ಹಾಗಾಗಿ ಬಾಯಿಗೆ ಬಂದ ಹನ್ನೆರಡು ಅಂಕಿ ಹೇಳಿದರೆ ಅದು ಆಧಾರ್ ಸಂಖ್ಯೆಯಾಗುವುದಿಲ್ಲ.

ಆದರೆ ಕಾವಲಿನ ಅಂಕಿಗೆ ಒಂದು ಮಿತಿ ಇದೆ. ಅದರ ಸೂತ್ರ ಗುಟ್ಟಲ್ಲ, ಈಗ ನಿಮಗೂ ಗೊತ್ತಾಯಿತು. ಅದು ಕೈತಪ್ಪನ್ನು ಹಿಡಿಯುತ್ತದೆ, ಲೆಕ್ಕ ಬಲ್ಲ ಕಳ್ಳನನ್ನು ಹಿಡಿಯುವುದಿಲ್ಲ. ಕಳ್ಳನಿಗೆ ಬೇಕಾದ ಬೀಗ ಡಿಜಿಟಲ್ ಸಹಿ.

ಡಿಜಿಟಲ್ ಸಹಿ ಎಂದರೆ ಸಹಿಯ ಫೋಟೊ ಅಲ್ಲ. ನಿಮ್ಮ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೊ ಎಲ್ಲವನ್ನೂ ಒಂದು ಸೂತ್ರಕ್ಕೆ ಹಾಕಿ ಅರೆದು, ನಿಗದಿತ ಉದ್ದದ ಒಂದು ಸಂಖ್ಯೆ ತೆಗೆಯುತ್ತಾರೆ. ಹೆಸರಿನ ಒಂದಕ್ಷರ ಬದಲಾದರೂ ಈ ಸಂಖ್ಯೆ ಗುರುತೇ ಸಿಗದಷ್ಟು ಬದಲಾಗುತ್ತದೆ. ಆಮೇಲೆ ದಾಖಲೆ ಕೊಡುವ ಸಂಸ್ಥೆ ತನ್ನ ಗುಟ್ಟಿನ ಕೀಲಿಯಿಂದ ಆ ಸಂಖ್ಯೆಗೆ ಮುದ್ರೆ ಒತ್ತುತ್ತದೆ. ಇದಕ್ಕೆ ಜೋಡಿಯಾಗಿ ಇನ್ನೊಂದು ಬಹಿರಂಗ ಕೀಲಿ ಇರುತ್ತದೆ. ಅದರಿಂದ ಮುದ್ರೆ ಸರಿಯೇ ಎಂದು ಯಾರೂ ನೋಡಬಹುದು, ಆದರೆ ಹೊಸ ಮುದ್ರೆ ಒತ್ತಲಾಗುವುದಿಲ್ಲ. ಆಧಾರ್‌ನ ಮೇಲಿರುವ ದೊಡ್ಡ ಕ್ಯೂಆರ್ ಕೋಡಿನೊಳಗೆ ಇರುವುದು ಇದೇ: ನಿಮ್ಮ ವಿವರ, ಪುಟ್ಟ ಫೋಟೊ, ಮತ್ತು ಈ ಸಹಿ. ಮಾಮೂಲಿ ಸ್ಕ್ಯಾನರ್ ಹಿಡಿದರೆ ಉದ್ದುದ್ದ ಅಂಕಿ ಬರುತ್ತದೆ. ಆಧಾರ್ ಪ್ರಾಧಿಕಾರದ ಆ್ಯಪ್ ಹಿಡಿದರೆ ಹೆಸರು, ಫೋಟೊ ತೆರೆಯ ಮೇಲೆ ಬರುತ್ತವೆ, ಸಹಿ ಸರಿಯಿದೆಯೋ ಇಲ್ಲವೋ ಎಂದು ತಿಳಿಯುತ್ತದೆ. ಇದಕ್ಕೆ ನೆಟ್‌ವರ್ಕ್ ಬೇಡ. ಗುಡ್ಡದ ಈಚೆ ಬಂದರೆ ಸಿಗ್ನಲ್, ಆಚೆ ಹೋದರೆ ಇಲ್ಲ ಎನ್ನುವ ನಮ್ಮಂಥ ಊರಿಗೆ ಇದು ಸಣ್ಣ ಅನುಕೂಲವಲ್ಲ. ಸ್ಪಷ್ಟವಾಗಿ ಮುದ್ರಿತವಾಗಿದ್ದರೆ ಜೆರಾಕ್ಸ್‌ನಲ್ಲೂ ಬದುಕುಳಿಯುವ ರಕ್ಷಣೆ ಇದೊಂದೇ.

ಇಲ್ಲೂ ಒಂದು ಸಂದು ಇದೆ. ಬೇರೊಬ್ಬನ ಅಸಲಿ ಕ್ಯೂಆರ್ ಕೋಡನ್ನು ಹಾಗೇ ತೆಗೆದು ತನ್ನ ಫೋಟೊ ಇರುವ ಖೋಟಾ ಕಾರ್ಡಿಗೆ ಅಂಟಿಸಿದರೆ? ಸಹಿ ಸರಿ ಎಂದೇ ಬರುತ್ತದೆ. ಆದ್ದರಿಂದ ಪರಿಶೀಲಿಸುವವರು ನೋಡಬೇಕಾದ್ದು ತೆರೆಯ ಮೇಲೆ ಬಂದ ಫೋಟೊ ಮತ್ತು ಎದುರಿಗೆ ನಿಂತ ಮುಖ. ಕಾರ್ಡಿನ ಮೇಲೆ ಏನು ಮುದ್ರಿಸಿದೆ ಎನ್ನುವುದು ಆಮೇಲಿನ ಮಾತು. 2024ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಇ-ಪಾಸ್‌ಪೋರ್ಟಿನ ಚಿಪ್‌ನೊಳಗೂ ಹೀಗೆ ಸಹಿ ಮಾಡಿದ ವಿವರಗಳೇ ಇರುತ್ತವೆ. ಹೊರಕವಚದ ಕೆಳಗೆ ಚಿನ್ನದ ಬಣ್ಣದ ಪುಟ್ಟ ಗುರುತಿದ್ದರೆ ಅದು ಚಿಪ್ ಇರುವ ಪಾಸ್‌ಪೋರ್ಟ್.

ನಿಮಗೆ ಹೆಚ್ಚು ಹತ್ತಿರದ ಉದಾಹರಣೆ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ. ಅದರ ಮೇಲಿರುವ, ಆರ್‌ಡಿ ಎಂದು ಶುರುವಾಗುವ ಸಂಖ್ಯೆಯೇ ಅದರ ಜೀವ. ಸಿಇಟಿ ಅರ್ಜಿಯಲ್ಲಿ ಪರೀಕ್ಷಾ ಪ್ರಾಧಿಕಾರ ಕೇಳುವುದು ಆ ಸಂಖ್ಯೆಯನ್ನು. ಅದನ್ನು ಕಂದಾಯ ಇಲಾಖೆಯ ದಾಖಲೆಯೊಂದಿಗೆ ನೇರ ತಾಳೆ ಹಾಕುತ್ತಾರೆ. ಪ್ರಮಾಣಪತ್ರವನ್ನು ಎಷ್ಟು ಚೆನ್ನಾಗಿ ಲ್ಯಾಮಿನೇಟ್ ಮಾಡಿಸಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಡಿಜಿಲಾಕರ್‌ನ ಅಂಕಪಟ್ಟಿಯೂ ಹಾಗೆಯೇ: ಅದು ನೀವು ತೋರಿಸುವ ಚಿತ್ರವಲ್ಲ, ಮಂಡಳಿಯಿಂದ ನೇರ ಬಂದ ದಾಖಲೆ. ಕಾನೂನಿನಲ್ಲಿ ಅದಕ್ಕೆ ಮೂಲ ಪ್ರತಿಯಷ್ಟೇ ಬೆಲೆ. ಆದರೆ ಅದರ ಸ್ಕ್ರೀನ್‌ಶಾಟ್‌ಗೆ ಆ ಬೆಲೆ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ಕಳಿಸಿ ‘ಸಾರ್, ಡಿಜಿಲಾಕರ್ ಕಳಿಸಿದ್ದೀನಿ’ ಎನ್ನುವವರಿಗೆ ಇದು ಗೊತ್ತಿರಲಿ.

ಜೆರಾಕ್ಸ್ ಕೊಡಲೇಬೇಕಾದ ಕಡೆ ಮಾಸ್ಕ್ ಮಾಡಿದ ಆಧಾರ್ ಕೊಡಬಹುದು. ಅದರಲ್ಲಿ ಮೊದಲ ಎಂಟು ಅಂಕಿ ಮುಚ್ಚಿರುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಸಿಕ್ಕಸಿಕ್ಕ ಸಂಸ್ಥೆಗಳಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ದುರುಪಯೋಗ ಆಗಬಹುದು ಎಂದು ಎಚ್ಚರಿಸಿ ಪ್ರಕಟಣೆ ಹೊರಡಿಸಿತು. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆ ಎಂದು ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ನನಗೆ ಕೇಳಿದರೆ ಆ ಪ್ರಕಟಣೆಯಲ್ಲಿದ್ದ ಮಾತು ಸರಿಯಾಗಿಯೇ ಇತ್ತು.

ಇನ್ನು ಖೋಟಾ ಮಾಡುವವರ ಕಡೆಯಿಂದ ಯೋಚಿಸಿ. ಕಾರ್ಡು ಇಷ್ಟು ಗಟ್ಟಿಯಾದ ಮೇಲೆ ಕಾರ್ಡನ್ನೇ ನಕಲು ಮಾಡುವುದು ದಡ್ಡತನ. ಸುಲಭದ ದಾರಿ ಎಂದರೆ ಬೇರಿಗೆ ಹೋಗುವುದು: ಸುಳ್ಳು ಜನನ ಪ್ರಮಾಣಪತ್ರವನ್ನೋ ಸುಳ್ಳು ವಿಳಾಸ ಪತ್ರವನ್ನೋ ಕೊಟ್ಟು ಅಸಲಿ ಕಾರ್ಡನ್ನೇ ಪಡೆಯುವುದು. ಅದಕ್ಕೆ ಯಾವ ಹೊಲೋಗ್ರಾಮೂ ಅಡ್ಡ ಬರುವುದಿಲ್ಲ. ಜನನ ನೋಂದಣಿಯ ಮೇಲೆ ಈಗ ಇಷ್ಟು ಒತ್ತು ಬಿದ್ದಿರುವುದಕ್ಕೆ ಇದೂ ಒಂದು ಕಾರಣ. 2023ರ ತಿದ್ದುಪಡಿ ಕಾಯ್ದೆಯ ಪ್ರಕಾರ ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನ, ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ.

ಈ ಬಿಗಿಯ ಹೊರೆ ಬೀಳುವುದು ಮಾತ್ರ ಕಳ್ಳರಿಗಿಂತ ಹೆಚ್ಚಾಗಿ ಅಸಲಿ ಜನರ ಮೇಲೆ. ನಮ್ಮ ಮೇಜಿನ ಮುಂದೆ ನಿತ್ಯ ಕಾಣುವುದು ಅದೇ. ಮಹಮ್ಮದ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಮೊದಲ ಎಂ ಆದ ಮೇಲೆ ಓ, ಯು, ಎ ಮೂರರಲ್ಲಿ ಯಾವುದೂ ಬರಬಹುದು. ನಡುವೆ ಒಂದು ಎಂ ಅಥವಾ ಎರಡು. ಕೊನೆಯ ಡಿ ಹಿಂದೆ ಇ ಅಥವಾ ಎ. ಗುಣಿಸಿದರೆ ಹನ್ನೆರಡು ಬಗೆ, ಬರೀ ಎಂಡಿ ಎಂದು ಬರೆಸಿದವರನ್ನು ಸೇರಿಸಿದರೆ ಹದಿಮೂರು. ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ತಂದೆಯ ಇನಿಶಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಮೊದಲಿನ ಗುಮಾಸ್ತರು ನೋಡಿ ‘ಓ, ಇಂಥವರ ಮಗ’ ಎಂದು ಮುಂದೆ ಬಿಡುತ್ತಿದ್ದರು. ಕಂಪ್ಯೂಟರಿಗೆ ಅಪ್ಪ ಅಜ್ಜನ ಪರಿಚಯವಿಲ್ಲ. ಅದಕ್ಕೆ ಒಂದಕ್ಷರ ಬೇರೆ ಎಂದರೆ ಬೇರೆ ಮನುಷ್ಯ. ಸೀಟು ಸಿಗಬೇಕಾದ ಹುಡುಗಿ ತಿದ್ದುಪಡಿಗಾಗಿ ಕೊಪ್ಪಕ್ಕೂ ಶೃಂಗೇರಿಗೂ ಅಲೆಯಬೇಕಾಗುತ್ತದೆ.

ಬೆರಳಚ್ಚಿನದೂ ಇದೇ ಕಥೆ. ಅಡಿಕೆ ಸುಲಿಯುವವರ, ಗಾರೆ ಕೆಲಸದವರ ಬೆರಳ ತುದಿಯ ಗೆರೆ ಸವೆದು, ಪಡಿತರ ಅಂಗಡಿಯ ಯಂತ್ರ ಒಪ್ಪುವುದಿಲ್ಲ. ಯಾರೂ ನಕಲು ಮಾಡಲಾಗದ ಗುರುತೆಂದು ಹೇಳುವ ಬೆರಳು ಇಪ್ಪತ್ತು ವರ್ಷದ ದುಡಿಮೆಯಲ್ಲಿ ಅಳಿದು ಹೋಗುತ್ತದೆ. ಅಂಥವರಿಗಾಗಿ ಕಣ್ಣಿನ ಪಾಪೆ, ಮುಖ, ಮೊಬೈಲಿಗೆ ಬರುವ ಒಟಿಪಿ ಎಂಬ ದಾರಿಗಳನ್ನು ಇಟ್ಟಿದ್ದಾರೆ. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು ಅಷ್ಟೆ. ನಿಮ್ಮ ಅಮ್ಮನ, ಅಜ್ಜಿಯ ಆಧಾರ್‌ಗೆ ಯಾವ ಸಂಖ್ಯೆ ಜೋಡಿಸಿದೆ ಎಂದು ಈ ಭಾನುವಾರ ಕೇಳಿ ನೋಡಿ.

ನಿಮ್ಮದೇ ಒಂದು ಕೆಲಸ ಬಾಕಿ ಇದೆ. ಚಿಕ್ಕವರಿದ್ದಾಗ ಕೊಟ್ಟ ಬೆರಳಚ್ಚು, ಕಣ್ಣು, ಫೋಟೊ ಬೆಳೆದ ಮೇಲೆ ಹೊಂದುವುದಿಲ್ಲ. ಹದಿನೈದು ತುಂಬಿದ ಮೇಲೆ ಅವನ್ನು ಮತ್ತೆ ಕೊಡುವುದು ಕಡ್ಡಾಯ, ಹದಿನೇಳರವರೆಗೆ ಅದಕ್ಕೆ ಶುಲ್ಕವಿಲ್ಲ. ಪ್ರಥಮ ಪಿಯುಸಿಯವರಲ್ಲಿ ಹೆಚ್ಚಿನವರು ಈಗ ಆ ವಯಸ್ಸಿನಲ್ಲಿದ್ದೀರಿ. ಹೋಗುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೊತೆಗಿರಲಿ. ಹೆಸರಿನ ಅಕ್ಷರ ಅದರಲ್ಲಿರುವಂತೆಯೇ ಬಂದಿದೆಯೇ ಎಂದು, ಸ್ವೀಕೃತಿ ಚೀಟಿ ಕೈಗೆ ಬಂದ ಕೂಡಲೇ, ಅಲ್ಲೇ ನಿಂತು ಓದಿಕೊಳ್ಳಿ.