ಬಾಸೆಲ್ ಮಿಶನರಿಗಳ ದಿನಚರಿ: ಭಾಷೆ, ದುಡಿಮೆ, ಮನೆ

1

ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಬಾಸೆಲ್ ಮಿಶನ್ನಿನ ಪ್ರಸ್ತಾಪ ಸಾಮಾನ್ಯವಾಗಿ ಒಂದು ಸಾಧನೆಗಳ ಪಟ್ಟಿಯ ರೂಪದಲ್ಲಿ ಬರುತ್ತದೆ. 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’, 1848ರಿಂದ 1853ರವರೆಗೆ ಕಲ್ಲಚ್ಚಿನಲ್ಲಿ ಪ್ರಕಟವಾದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ, 1872ರ ‘ಶಬ್ದಮಣಿದರ್ಪಣ’ದ ಸಂಪಾದನೆ, 1875ರ ‘ಛಂದೋಂಬುಧಿ’, 1894ರ ಕನ್ನಡ-ಇಂಗ್ಲಿಷ್ ನಿಘಂಟು ಇವು ಆ ಪಟ್ಟಿಯ ಮುಖ್ಯ ಅಂಶಗಳು. ಇವನ್ನೆಲ್ಲ ‘ಮಿಶನರಿಗಳ ಕನ್ನಡ ಸೇವೆ’ ಎಂಬ ಶೀರ್ಷಿಕೆಯಡಿ ತರುವುದು ರೂಢಿಯಾಗಿದೆ. ಈ ಶೀರ್ಷಿಕೆಯಲ್ಲಿ ಕೃತಜ್ಞತೆ ಇದೆ. ಆದರೆ ಅದು ಒಂದು ಸರಳ ಸಂಗತಿಯನ್ನು ಮರೆಮಾಡುತ್ತದೆ. ಈ ವ್ಯಕ್ತಿಗಳು ಕನ್ನಡ ಕೆಲಸಕ್ಕಾಗಿ ಇಲ್ಲಿಗೆ ಬಂದವರಲ್ಲ. ಅವರ ದಿನದ ಬಹುಪಾಲು ಬಡ ಸಮುದಾಯಗಳ ನಡುವಿನ ಬೋಧನೆ, ಶಾಲೆ, ಕೈಗಾರಿಕೆ, ರೋಗಿಗಳ ಆರೈಕೆ, ಲೆಕ್ಕಪತ್ರ ಮತ್ತು ವರದಿಗಳಲ್ಲಿ ಕಳೆಯುತ್ತಿತ್ತು. ಗ್ರಂಥಗಳು ಹುಟ್ಟಿದ್ದು ಈ ದಿನಚರಿಯ ಒಳಗೆ, ಅನೇಕ ಸಲ ಅದರ ಒತ್ತಡಗಳ ನಡುವೆ. ಆ ದಿನಚರಿಯನ್ನು ಪುನರ್‌ರಚಿಸಿದಾಗ ಆ ಗ್ರಂಥಗಳ ಸ್ವರೂಪವೂ ಅವುಗಳಲ್ಲಿ ಕಾಣದೆ ಹೋದ ಜನರೂ ಬೇರೆ ರೀತಿಯಲ್ಲಿ ಅರ್ಥವಾಗುತ್ತಾರೆ.

2

ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾಯಿತು. ಅದರ ಹಿಂದಿದ್ದುದು ವೈಯಕ್ತಿಕ ಭಕ್ತಿ, ಶಿಸ್ತು ಮತ್ತು ಕಾಯಕನಿಷ್ಠೆಗಳಿಗೆ ಒತ್ತು ಕೊಡುವ ಪೈಯಟಿಸ್ಟ್ ಪಂಥ. ತರಬೇತಿ ಶಾಲೆಗೆ ಸೇರುತ್ತಿದ್ದವರಲ್ಲಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳೇ ಹೆಚ್ಚು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಹರ್ಮನ್ ಮೋಗ್ಲಿಂಗ್ ಅವರಂಥವರು ಅಪವಾದ. 1833ರ ಸನದು ಕಾಯಿದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿ ಸರಕಾರದ ಪ್ರದೇಶಗಳಲ್ಲಿ ಅವಕಾಶ ನೀಡಿದ ಬಳಿಕ ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಅನಂತರ ಗದಗಿನ ಬಳಿಯ ಬೆಟಗೇರಿ ಹೀಗೆ ಠಾಣ್ಯಗಳು ಬೆಳೆದವು.

ಸಾವಿರಾರು ಮೈಲಿ ದೂರದಲ್ಲಿದ್ದರೂ ಮಿಶನರಿಯ ದಿನವನ್ನು ಆಳುತ್ತಿದ್ದುದು ಬಾಸೆಲಿನ ಆಡಳಿತ ಸಮಿತಿ. ಮಿಶನರಿಗೆ ಸಿಗುತ್ತಿದ್ದುದು ಸಂಬಳವಲ್ಲ, ಜೀವನಾಂಶ. ಯಾವ ಠಾಣ್ಯದಲ್ಲಿ ಇರಬೇಕು, ಯಾವ ಕೆಲಸ ಮಾಡಬೇಕು, ಯಾವಾಗ ಮದುವೆಯಾಗಬೇಕು ಎಂಬುದೆಲ್ಲ ಸಮಿತಿಯ ತೀರ್ಮಾನಕ್ಕೆ ಒಳಪಟ್ಟಿತ್ತು. 1850ರಿಂದ 1879ರವರೆಗೆ ಇನ್‌ಸ್ಪೆಕ್ಟರ್ ಆಗಿದ್ದ ಯೋಸೆಫ್ ಜೋಸೆನ್‌ಹಾನ್ಸ್ 1851-52ರಲ್ಲಿ ಸ್ವತಃ ಇಲ್ಲಿಗೆ ಬಂದು ಠಾಣ್ಯಗಳನ್ನು ಪರಿಶೀಲಿಸಿ ಹೋದ ಮೇಲೆ ನಿಯಮಗಳು ಇನ್ನಷ್ಟು ಬಿಗಿಯಾದವು. ಪ್ರತಿಯೊಬ್ಬರೂ ನಿಯತವಾಗಿ ವರದಿ ಬರೆಯಬೇಕಿತ್ತು. ಸಹೋದ್ಯೋಗಿಗಳ ನಡೆನುಡಿಯ ಬಗೆಗೂ ಅದರಲ್ಲಿ ತಿಳಿಸುವುದು ಕರ್ತವ್ಯವೆನಿಸಿತ್ತು. ಹೀಗೆ ಬರೆಯುವುದು ದಿನಚರಿಯ ಖಾಯಂ ಭಾಗವಾಯಿತು. ಇಂದು ಬಾಸೆಲಿನ ದಾಖಲಾಗಾರದಲ್ಲಿ ಹಳೆಯ ಜರ್ಮನ್ ಲಿಪಿಯಲ್ಲಿರುವ ಕಾಗದಗಳ ರಾಶಿ ಈ ಶಿಸ್ತಿನ ಫಲ.

ಈ ವರದಿಗಳಿಗೆ ಇನ್ನೊಂದು ಓದುಗ ವರ್ಗವೂ ಇತ್ತು. 1828ರಿಂದ ಪ್ರಕಟವಾಗುತ್ತಿದ್ದ ಮಿಶನ್ನಿನ ಪತ್ರಿಕೆಯಲ್ಲಿ ಅವುಗಳ ಆಯ್ದ ಭಾಗಗಳು ಅಚ್ಚಾಗುತ್ತಿದ್ದವು. 1855ರಲ್ಲಿ ಆರಂಭವಾದ ‘ಅರ್ಧ ಬಾಟ್ಸೆನ್’ ವಂತಿಗೆಯು ವಾರಕ್ಕೊಂದು ಚಿಲ್ಲರೆ ನಾಣ್ಯವನ್ನು ಸಾಮಾನ್ಯ ಕುಟುಂಬಗಳಿಂದ ಸಂಗ್ರಹಿಸುವ ವ್ಯವಸ್ಥೆ. ಮಂಗಳೂರಿನ ಶಾಲೆಗೋ ಧಾರವಾಡದ ಅನಾಥಾಲಯಕ್ಕೋ ತಲುಪುತ್ತಿದ್ದ ಹಣದಲ್ಲಿ ಯೂರೋಪಿನ ಬಡವರ ಪಾಲೂ ಇತ್ತು. ಆದುದರಿಂದ ಇಲ್ಲಿಯ ಬದುಕನ್ನು ಅಲ್ಲಿಯ ದಾನಿಗಳ ಮನ ಕರಗುವಂತೆ ಬಣ್ಣಿಸುವ ಒತ್ತಡ ಮಿಶನರಿ ಬರವಣಿಗೆಯ ಮೇಲೆ ಸದಾ ಇತ್ತು. ಸಂಶೋಧಕರು ಈ ಆಕರಗಳನ್ನು ಬಳಸುವಾಗ ಇದನ್ನು ಗಮನಿಸುವುದು ಅಗತ್ಯ.

3

ಹೊಸದಾಗಿ ಬಂದ ಮಿಶನರಿಯ ಮೊದಲ ವರ್ಷಗಳು ಭಾಷಾಭ್ಯಾಸಕ್ಕೆ ಮೀಸಲು. ಮುನ್ಷಿಯ ಎದುರು ಕುಳಿತು ಓಲೆಗರಿ ಮತ್ತು ಹಸ್ತಪ್ರತಿಗಳನ್ನು ಓದುವುದು, ಕೇಳಿದ್ದನ್ನು ಬರೆದುಕೊಳ್ಳುವುದು, ಆ ಮಾತನ್ನು ಸಂತೆ, ಜಾತ್ರೆ, ಕಟ್ಟೆಗಳಲ್ಲಿ ಆಡಿ ನೋಡುವುದು ಅಭ್ಯಾಸದ ಕ್ರಮ. ಓದಿದ ಭಾಷೆ ಬೀದಿಯಲ್ಲಿ ನಿಲ್ಲುತ್ತದೆಯೇ ಎಂಬುದು ಅಲ್ಲಿಯೇ ತಿಳಿಯುತ್ತಿತ್ತು. ಕೇಳುಗರು ಪ್ರಶ್ನೆ ಎಸೆಯುತ್ತಿದ್ದರು, ನಗುತ್ತಿದ್ದರು, ಗಾದೆಯಿಂದ ಬಾಯಿ ಮುಚ್ಚಿಸುತ್ತಿದ್ದರು. ಮಿಶನರಿಗಳು ಗಾದೆಗಳನ್ನು ಅಷ್ಟು ಶ್ರದ್ಧೆಯಿಂದ ಕೂಡಿಸಿದ್ದಕ್ಕೆ ಜಾನಪದದ ಕುತೂಹಲದಷ್ಟೇ ಈ ವ್ಯಾವಹಾರಿಕ ಅಗತ್ಯವೂ ಕಾರಣ. ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣಗಳ ಮುದ್ರಣದ ಹಿಂದೆಯೂ ಎದುರಾಳಿಯ ನಂಬಿಕೆಯನ್ನು ಅವನ ಗ್ರಂಥಗಳಿಂದಲೇ ತಿಳಿಯಬೇಕೆಂಬ ಉದ್ದೇಶವಿತ್ತು. ಮೋಗ್ಲಿಂಗ್ ಅವರಲ್ಲಿ ಆ ಉದ್ದೇಶ ಕ್ರಮೇಣ ಸಾಹಿತ್ಯಪ್ರೀತಿಯಾಗಿ ಬೆಳೆಯಿತು. ಆದರೆ ಆ ಮಾಲೆಗೆ ಹಣ ಕೊಟ್ಟವರು ಮದರಾಸಿನ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಅವರೇ ಹೊರತು ಸಮಿತಿಯಲ್ಲ ಎಂಬುದು ಅರ್ಥಪೂರ್ಣವಾಗಿದೆ.

ಇಲ್ಲಿ ಕರಾವಳಿಯ ಠಾಣ್ಯಗಳಿಗೆ ವಿಶಿಷ್ಟವಾದ ಒಂದು ಬಿಕ್ಕಟ್ಟು ಎದುರಾಯಿತು. ಮುನ್ಷಿಯಿಂದ ಕಲಿತದ್ದು ಗ್ರಾಂಥಿಕ ಕನ್ನಡ. ಮಿಶನ್ನಿನ ಹತ್ತಿರ ಬಂದ ಬಿಲ್ಲವರು ಮತ್ತಿತರ ದುಡಿಯುವ ಸಮುದಾಯಗಳವರು ಆಡುತ್ತಿದ್ದುದು ತುಳು. ಕನ್ನಡವು ಆಡಳಿತ, ಶಾಲೆ ಮತ್ತು ಬರಹದ ಭಾಷೆಯಾಗಿದ್ದರೆ ತುಳು ಮನೆ ಮತ್ತು ಗದ್ದೆಯ ಭಾಷೆ. ಗ್ರೈನರ್, ಅಮ್ಮನ್ ಮೊದಲಾದವರು ತುಳುವಿಗೆ ತಿರುಗಿದರು. 1847ರ ವೇಳೆಗೆ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ತುಳು ಪುಸ್ತಕವಾಗಿ ಬಂದಿತು. 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಪ್ರಕಟವಾದವು. ಮ್ಯಾನರ್ ಭೂತಾರಾಧನೆಯ ಪಾಡ್ದನಗಳನ್ನೂ ಸಂಗ್ರಹಿಸಿದರು. ಯಾವ ಆರಾಧನೆಯಿಂದ ಜನರನ್ನು ಬಿಡಿಸಲು ಮಿಶನ್ ಯತ್ನಿಸುತ್ತಿತ್ತೋ ಅದರ ಹಾಡುಗಳೇ ಅದರ ಅಚ್ಚುಕೂಟದಲ್ಲಿ ಉಳಿದುಕೊಂಡವು.

4

ಮತಾಂತರದ ಮರುದಿನ ಎದುರಾಗುತ್ತಿದ್ದುದು ಅನ್ನದ ಪ್ರಶ್ನೆ. ಬಿಲ್ಲವನೊಬ್ಬ ಕ್ರೈಸ್ತನಾದರೆ ಮೂರ್ತೆಯ ಕಸುಬನ್ನು ಬಿಡಬೇಕಿತ್ತು. ಹೆಂಡದ ಉತ್ಪಾದನೆಗೆ ಮಿಶನ್ನಿನ ಒಪ್ಪಿಗೆ ಇರಲಿಲ್ಲ. ಭೂತಸ್ಥಾನದ ಪೂಜಾರಿಕೆಯೂ ಹೋಗುತ್ತಿತ್ತು. ಅಳಿಯಸಂತಾನದ ಕುಟುಂಬದಿಂದ ಹೊರಬಿದ್ದವನಿಗೆ ಆಸ್ತಿಯ ಆಸರೆ ತಪ್ಪುತ್ತಿತ್ತು, ಒಡೆಯನ ಭೂಮಿಯಲ್ಲಿ ಒಕ್ಕಲಾಗಿದ್ದವನು ಗೇಣಿಯನ್ನೂ ಕಳೆದುಕೊಳ್ಳಬಹುದಿತ್ತು. 1850ರ ಕಾಯಿದೆಯು ಮತಾಂತರಿತರ ಆಸ್ತಿಹಕ್ಕನ್ನು ಕಾಗದದ ಮೇಲೆ ಕಾಪಾಡಿತಾದರೂ ಹಳ್ಳಿಯಲ್ಲಿ ಅದನ್ನು ಚಲಾಯಿಸುವುದು ಬಡವನಿಗೆ ಸುಲಭವಾಗಿರಲಿಲ್ಲ.

ಮೊದಲು ಬೇಸಾಯದ ಪ್ರಯೋಗಗಳು ನಡೆದವು. ಬೆಟಗೇರಿ ಬಳಿಯ ಮಲಸಮುದ್ರದಲ್ಲಿ 1840ರ ದಶಕದಲ್ಲಿ ಆರಂಭಿಸಿದ ಕೃಷಿ ವಸತಿ ಫಲಿಸಲಿಲ್ಲ. ಕೊಡಗಿನಲ್ಲಿ ಜೀತದಂಥ ಸ್ಥಿತಿಯಲ್ಲಿದ್ದ ದಲಿತ ಕೃಷಿಕೂಲಿಗಳಿಗಾಗಿ ಆನಂದಪುರದ ವಸತಿ ರೂಪುಗೊಂಡಿತು. ಕೊನೆಗೆ ಭದ್ರವಾಗಿ ನೆಲೆಗೊಂಡವು ಕೈಗಾರಿಕೆಗಳು. 1841ರಲ್ಲಿ ಕಲ್ಲಚ್ಚಿನ ಮುದ್ರಣ, 1851ರಲ್ಲಿ ಜಾನ್ ಹಾಲರ್ ಅವರ ಉಸ್ತುವಾರಿಯ ನೇಯ್ಗೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ತಲೆಯೆತ್ತಿದವು. ಜೆಪ್ಪುವಿನದನ್ನು ಸ್ಥಾಪಿಸಿದವರು ಮುದ್ರಣಾಲಯದ ಹೊಣೆ ಹೊತ್ತಿದ್ದ ಜಾರ್ಜ್ ಪ್ಲೆಬ್‌ಸ್ಟ್. ನದೀತೀರದ ಜೇಡಿಮಣ್ಣು ಮತ್ತು ಯೂರೋಪಿನ ಅಚ್ಚಿನ ತಂತ್ರ ಸೇರಿ ‘ಮಂಗಳೂರು ಹೆಂಚು’ ಎಂಬ ಮಾತು ಹುಟ್ಟಿತು. ಮುಳಿಹುಲ್ಲು ಮತ್ತು ತೆಂಗಿನ ಗರಿಯ ಮಾಡುಗಳಿದ್ದ ಕರಾವಳಿಯ ನೋಟವೇ ಕಾಲಕ್ರಮದಲ್ಲಿ ಬದಲಾಯಿತು.

ಈ ವ್ಯವಸ್ಥೆಯಲ್ಲಿ ದಿನದ ಲಯವೂ ಬದಲಾಯಿತು. ಹಿಂದೆ ಮಳೆ, ಬಿತ್ತನೆ, ಕೊಯ್ಲು, ನೇಮಗಳ ಸುತ್ತ ತಿರುಗುತ್ತಿದ್ದ ಬದುಕು ಪ್ರಾರ್ಥನೆಯಿಂದ ಆರಂಭವಾಗುವ, ಗಂಟೆಯ ಸದ್ದಿಗೆ ಏಳುವ, ನಗದು ಕೂಲಿಯ ಮತ್ತು ಭಾನುವಾರದ ಬಿಡುವಿನ ಬದುಕಾಯಿತು. ಬೇರೆ ಬೇರೆ ಜಾತಿಮೂಲದವರು ಒಂದೇ ಸೂರಿನಡಿ ದುಡಿದರು, ಒಂದೇ ಆರಾಧನಾಲಯದಲ್ಲಿ ಕುಳಿತರು. ಇದು ಸಣ್ಣ ಸಂಗತಿಯಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕಾಗುತ್ತದೆ. ಸಭೆಯ ಪಾಲಕ, ಕಾರ್ಖಾನೆಯ ಒಡೆಯ, ವಸತಿಯ ಭೂಮಾಲಿಕ ಮೂರೂ ಒಂದೇ ಸಂಸ್ಥೆ. ಸಭೆಯ ಶಿಸ್ತಿಗೆ ತಪ್ಪಿದವನ ಕೂಲಿ ಮತ್ತು ಮನೆ ಎರಡೂ ಅದರ ಕೈಯಲ್ಲಿದ್ದವು. ಊರಿನ ಒಡೆಯನಿಂದ ಬಿಡುಗಡೆ ಪಡೆದವನು ಹೊಸದೊಂದು ಪಾಲನೆಗೆ ಒಳಗಾದನು. ತಮ್ಮ ಬದುಕಿಗೂ ಇಂಥದೇ ಶಿಸ್ತನ್ನು ಒಪ್ಪಿಕೊಂಡಿದ್ದ ಮಿಶನರಿಗಳಿಗೆ ಇದರಲ್ಲಿ ವೈರುಧ್ಯ ಕಾಣಲಿಲ್ಲ.

5

ಮಿಶನರಿಯ ಮನೆಯೂ ಆ ಶಿಸ್ತಿನೊಳಗೇ ನಡೆಯುತ್ತಿತ್ತು. ಕ್ಷೇತ್ರದಲ್ಲಿ ಎರಡು ವರ್ಷ ಕಳೆಯುವವರೆಗೆ ಮದುವೆಗೆ ಅವಕಾಶವಿರಲಿಲ್ಲ. ಅನಂತರ ಸಮಿತಿಗೆ ಮನವಿ ಸಲ್ಲಿಸಬೇಕಿತ್ತು. ಅನೇಕ ಸಲ ವಧುವನ್ನು ಗೊತ್ತುಮಾಡುತ್ತಿದ್ದವರು ಯೂರೋಪಿನ ಬಂಧುಗಳು ಅಥವಾ ಸಮಿತಿಯವರು. ಕಂಡರಿಯದ ವರನಿಗಾಗಿ ತಿಂಗಳುಗಟ್ಟಲೆ ಹಡಗಿನಲ್ಲಿ ಪಯಣಿಸಿ ಬಂದ ಈ ‘ಮಿಶನ್ ವಧು’ಗಳ ಅನುಭವಲೋಕವನ್ನು ಇತ್ತೀಚಿನ ಜರ್ಮನ್ ಅಧ್ಯಯನಗಳು ಅವರ ಪತ್ರಗಳ ಮೂಲಕ ತೆರೆದಿಟ್ಟಿವೆ. ಹೆಣ್ಣುಮಕ್ಕಳ ಶಾಲೆ, ಹೊಲಿಗೆ ತರಗತಿ, ಅನಾಥ ಮಕ್ಕಳ ಪೋಷಣೆ, ಬಾಣಂತಿಯರ ಭೇಟಿ ಇವರ ಪಾಲಿಗೆ ಬಂದವು. ಪುರುಷರು ಪ್ರವೇಶಿಸಲಾಗದ ಒಳಮನೆಗಳ ಮಾತು ಮಿಶನ್ನಿಗೆ ತಲುಪುತ್ತಿದ್ದುದು ಇವರ ಮೂಲಕ. ತಲಶೇರಿಯಲ್ಲಿ ಹರ್ಮನ್ ಗುಂಡರ್ಟ್ ಅವರು ಮಲಯಾಳದ ಕೆಲಸದಲ್ಲಿ ತೊಡಗಿದ್ದಾಗ ಅವರ ಪತ್ನಿ ಜೂಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸುತ್ತಿದ್ದರು.

ಮನೆಯಲ್ಲಿ ಸಾವು ಅಪರೂಪದ ಅತಿಥಿಯಾಗಿರಲಿಲ್ಲ. ಫರ್ಡಿನೆಂಡ್ ಕಿಟೆಲ್ 1860ರಲ್ಲಿ ಪೌಲಿನ್ ಐತ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ ಆಕೆ ಮಂಗಳೂರಿನಲ್ಲಿ ತೀರಿಕೊಂಡರು. 1867ರಲ್ಲಿ ಕಿಟೆಲ್ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ಮೋಗ್ಲಿಂಗ್ ಅವರ ಒಡನಾಡಿ ಗಾಟ್‌ಫ್ರೀಡ್ ವೈಗಲ್ 1855ರಲ್ಲಿ ನಿಧನರಾದಾಗ ಅವರ ಪತ್ನಿಯನ್ನು ಮುಂದೆ ಮೋಗ್ಲಿಂಗ್ ವರಿಸಿದರು. ಆಕೆಯ ಅನಾರೋಗ್ಯವೇ 1860ರಲ್ಲಿ ಅವರು ಭಾರತವನ್ನು ಬಿಡಲು ಮುಖ್ಯ ಕಾರಣವಾಯಿತು.

ಬದುಕುಳಿದ ಮಕ್ಕಳ ಅಗಲಿಕೆಯೂ ಕಡಿಮೆ ನೋವಿನದಲ್ಲ. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯೂರೋಪಿಗೆ ಕಳಿಸುವುದು ನಿಯಮವಾಗಿತ್ತು. 1850ರ ದಶಕದಲ್ಲಿ ಇದಕ್ಕಾಗಿ ಬಾಸೆಲಿನಲ್ಲಿ ಮಕ್ಕಳ ಮನೆಯೇ ಆರಂಭವಾಯಿತು. 1842ರಲ್ಲಿ ತಲಶೇರಿಯಲ್ಲಿ ಹುಟ್ಟಿದ ಗುಂಡರ್ಟ್ ದಂಪತಿಗಳ ಮಗಳು ಮೇರಿ ಎಳವೆಯಲ್ಲೇ ಯೂರೋಪಿನಲ್ಲಿ ಉಳಿದು, 1857ರಲ್ಲಿ ತಂದೆತಾಯಿಗಳ ಬಳಿಗೆ ಮರಳಿದಳು. ಈಕೆಯ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಅನ್ಯರ ಮಕ್ಕಳಿಗೆ ಅನಾಥಾಲಯ ನಡೆಸುತ್ತಿದ್ದ ತಾಯಿ ತನ್ನ ಮಗುವನ್ನು ಹಡಗು ಹತ್ತಿಸಿ ಮರಳುತ್ತಿದ್ದಳು.

6

ಈ ಹಿನ್ನೆಲೆಯಲ್ಲಿ ಕಿಟೆಲ್ ನಿಘಂಟನ್ನು ಮತ್ತೊಮ್ಮೆ ತೆರೆದು ನೋಡಬಹುದು. ಸುಮಾರು 70,000 ಪದಗಳ ಈ ಗ್ರಂಥದಲ್ಲಿ ಅನೇಕ ನಮೂದುಗಳ ಪಕ್ಕದಲ್ಲಿ ಮೈಸೂರು, ದಕ್ಷಿಣ ಮಹಾರಾಷ್ಟ್ರ ಎಂಬ ಪ್ರಾದೇಶಿಕ ಗುರುತುಗಳಿವೆ. ಆ ಕಾಲದ ಆಡಳಿತ ಪರಿಭಾಷೆಯಲ್ಲಿ ದಕ್ಷಿಣ ಮಹಾರಾಷ್ಟ್ರವೆಂದರೆ ಧಾರವಾಡದ ಸೀಮೆ. ಕೇಶಿರಾಜನ ಸೂತ್ರದ ಮಗ್ಗುಲಲ್ಲೇ ಗಾದೆ ಬರುತ್ತದೆ, ಹಳೆಯ ಕಾವ್ಯದ ಪ್ರಯೋಗದ ಬಳಿಯೇ ಅಡುಗೆಮನೆಯ ಪದ ನಿಲ್ಲುತ್ತದೆ. ಈ ಬೆರಕೆಯನ್ನು ಕೇವಲ ವಿದ್ವತ್ತಿನ ವ್ಯಾಪ್ತಿಯಿಂದ ವಿವರಿಸಲಾಗದು. ಬೆಳಗ್ಗೆ ಮುನ್ಷಿಯೊಡನೆ ಓದಿ, ಸಂತೆಯಲ್ಲಿ ಮಾತನಾಡಿ, ಶಾಲೆಯಲ್ಲಿ ಪಾಠ ಹೇಳಿ, ರಾತ್ರಿ ವರದಿ ಬರೆಯುವ ಬದುಕಿನಿಂದಲೇ ಅದು ಬಂದಿತು. ಒಂದು ಠಾಣ್ಯದಿಂದ ಇನ್ನೊಂದಕ್ಕೆ ಆದ ವರ್ಗಾವಣೆಗಳೂ ನಿಘಂಟಿನ ಪದಸಂಪತ್ತಾಗಿ ಪರಿಣಮಿಸಿದವು.

ಈ ಓದು ಒಂದು ಕೊರತೆಯನ್ನೂ ಎತ್ತಿ ತೋರಿಸುತ್ತದೆ. ಕಿಟೆಲ್ ತಮ್ಮ ಸ್ಥಳೀಯ ಸಹಾಯಕರ ನೆರವನ್ನು ಮುನ್ನುಡಿಯಲ್ಲಿ ನೆನೆದಿದ್ದಾರೆ. 1844ರಲ್ಲಿ ದೀಕ್ಷೆ ಪಡೆದು ಬಾಸೆಲಿನಲ್ಲಿ ಓದಿ ಬಂದ ಆನಂದರಾವ್ ಕೌಂಡಿನ್ಯರು ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತಾರೆ. ಆದರೆ ಪದ ಹೇಳಿದ ನೇಕಾರ, ಪಾಡ್ದನ ಹಾಡಿದ ಹೆಂಗಸು, ಹೆಂಚು ಸುಟ್ಟ ಕೂಲಿಕಾರ, ಅಚ್ಚುಮೊಳೆ ಜೋಡಿಸಿದ ಹುಡುಗ ಇವರು ಮಿಶನರಿ ವರದಿಗಳಲ್ಲಿ ಮತಾಂತರದ ದೃಷ್ಟಾಂತಗಳಾಗಿ ಬರುತ್ತಾರೆಯೇ ವಿನಾ ಮಾತನಾಡುವ ವ್ಯಕ್ತಿಗಳಾಗಿ ಬರುವುದು ಕಡಿಮೆ. ಮೊದಲ ಮಹಾಯುದ್ಧದ ವೇಳೆ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು ಸ್ವದೇಶಕ್ಕೆ ಕಳಿಸಲಾಯಿತು. ಕೈಗಾರಿಕೆಗಳು ಬ್ರಿಟಿಷ್ ಸರಕಾರದ ವಶವಾಗಿ ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಬಂದವರು ಹೋದರು. ಸಭೆಗಳು, ಶಾಲೆಗಳು ಮತ್ತು ಆ ದುಡಿಮೆಯಲ್ಲಿ ಬೆಳೆದ ಕುಟುಂಬಗಳು ಇಲ್ಲಿಯೇ ಉಳಿದವು.

ಆದ್ದರಿಂದ ಮಿಶನರಿ ಕನ್ನಡದ ಅಧ್ಯಯನ ಗ್ರಂಥಸೂಚಿಯಿಂದ ಆಚೆಗೆ ಚಲಿಸಬೇಕಾಗಿದೆ. ಬಾಸೆಲಿನ ಕಾಗದಗಳ ಜೊತೆಗೆ ಸಭಾ ದಾಖಲೆಗಳು, ಸಮಾಧಿಕಲ್ಲುಗಳ ಬರಹ, ಕಾರ್ಮಿಕ ಕುಟುಂಬಗಳ ಮೌಖಿಕ ಸ್ಮೃತಿ, ತುಳು ಕ್ರೈಸ್ತ ಗೀತೆಗಳು ಆಕರಗಳಾಗಬೇಕು. ನಿಘಂಟಿನ ಒಂದೊಂದು ಪದವನ್ನೂ ಯಾರೋ ಒಬ್ಬರು ಒಂದು ದಿನ, ಒಂದು ಕೆಲಸದ ನಡುವೆ ಆಡಿದ್ದರು. ಅವರನ್ನು ಗುರುತಿಸುವಷ್ಟು ದೂರ ಸಾಗಿದಾಗಲೇ ‘ಕನ್ನಡ ಸೇವೆ’ ಎಂಬ ಮಾತಿನಲ್ಲಿ ಸೇವೆ ಯಾರದು ಎಂಬ ಪ್ರಶ್ನೆಗೆ ಪೂರ್ಣ ಉತ್ತರ ದೊರೆಯುತ್ತದೆ.